ಕುರಿ ಈಗ ನಿಂತ ಜಾಗ

ಕಾನಹೊಸಹಳ್ಳಿಯಲ್ಲಿ ಬಸ್ಸು ನಿಂತಾಗ ಮಳೆ ಆಗತಾನೇ ಬಿಟ್ಟಿತ್ತು. ಕಿಟಕಿ ಸರಿಸಿದೆ. ಹೆದ್ದಾರಿಯ ಆಚೆಯ ಯಾವುದೋ ಹೊಲದಿಂದ ತೊಯ್ದ ಕಂಬಳಿ, ಹಿಕ್ಕೆ, ಉಣ್ಣೆ ಎಲ್ಲ ಕೂಡಿದ ವಾಸನೆ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು, "ಇಲ್ಲೆಲ್ಲೋ ಕುರಿ ತರುಬ್ಯಾರ, ಕಿಡಕಿ ಹಾಕ್ರಿ" ಎಂದರು. ಹಾಕಿದೆ. ವಾಸನೆ ಒಳಗೇ ಉಳಿಯಿತು.

ಕುರಿ ತರುಬುವುದು ನಮ್ಮ ಕಡೆ ಹಳೆಯ ಪದ್ಧತಿ. ಮಳೆ ಶುರುವಾಗುವ ಹೊತ್ತಿಗೆ ಕುರಿಗಾರರು ಮಂದೆ ಹೊಡೆದುಕೊಂಡು ಊರು ಬಿಡುತ್ತಾರೆ. ಬಿತ್ತದೆ ಬಿಟ್ಟ ಹೊಲ ಸಿಕ್ಕಲ್ಲಿ ಬಲೆ ಕಟ್ಟಿ, ರಾತ್ರಿ ಅದರೊಳಗೆ ಕುರಿ ಕೂಡುತ್ತಾರೆ. ಹೊಲಕ್ಕೆ ಗೊಬ್ಬರ ಬೀಳುತ್ತದೆ, ಹೊಲದವರು ಕಾಳು ಕೊಡುತ್ತಾರೆ. ಒಂದು ಹೊಲ ಮುಗಿದರೆ ಇನ್ನೊಂದು ಹೊಲ, ಇನ್ನೊಂದು ಊರು. ಸುಗ್ಗಿಯ ಹೊತ್ತಿಗೆ ಹೊಳೆ ದಂಡೆಯ ನೀರಾವರಿ ಸೀಮೆ. ಮನೆ ಒಂದೂರಲ್ಲಿ ಇರುತ್ತದೆ, ಬದುಕು ಹಾದಿಯಲ್ಲಿ ನಡೆಯುತ್ತದೆ. ಇದು ಇಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿಲ್ಲದ್ದು ಯಂತ್ರಕ್ಕೆ ಮಾತ್ರ. ಎರಡು ಮಳೆಗಾಲದ ಹಿಂದೆ ಆ ಯಂತ್ರಕ್ಕೆ ತಿಳಿಸಿ ಹೇಳುವುದು ನನ್ನ ಸಂಬಳದ ಕೆಲಸವಾಗಿತ್ತು.

ನಾನು ಅಲ್ಲಿಯವರೆಗೆ ಹೊಸಪೇಟೆಯ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕಿ. ಪತ್ರಿಕೆ ತನ್ನ ಡೆಸ್ಕನ್ನು ಬೇರೆ ಊರಿಗೆ ಒಯ್ದಿತು, ನಾನು ಹೋಗಲಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳಿಗೂ ಬೇರೆ ಕೆಲವು ಜಿಲ್ಲೆಗಳಿಗೂ ಪಶು ಸಹಾಯವಾಣಿ ನಡೆಸುತ್ತಿದ್ದ ಖಾಸಗಿ ಸಂಸ್ಥೆಯೊಂದಕ್ಕೆ ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯುವವರು ಬೇಕಾಗಿದ್ದರು. ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದು ಕೆಲಸಕ್ಕೆ ಕೂತೆ.

ಸಹಾಯವಾಣಿಗೆ ಬಂದ ಕರೆ ಎತ್ತುತ್ತಿದ್ದುದು ಎಐ ಏಜೆಂಟ್. ನಾವು ಅದನ್ನು ಯಂತ್ರ ಎಂದೇ ಕರೆಯುತ್ತಿದ್ದೆವು. ಹೆಣ್ಣುದನಿ, ತಾಳ್ಮೆಯ ಮಾತು. ಮಾತು ಬರುತ್ತಿತ್ತೇ ಹೊರತು ಈ ಸೀಮೆಯ ಬಗ್ಗೆ ಅದಕ್ಕೆ ಏನೂ ತಿಳಿದಿರಲಿಲ್ಲ. ಯಾವ ಚಿಕಿತ್ಸಾ ವಾಹನ ಎಲ್ಲಿದೆ, ಯಾವ ಊರು ಯಾವ ತಾಲ್ಲೂಕಿಗೆ ಸೇರಿದೆ, ಯಾರ ದೂರು ಯಾವ ಹಂತದಲ್ಲಿದೆ ಎಂಬುದೆಲ್ಲ ಬೇರೆ ಬೇರೆ ತಂತ್ರಾಂಶಗಳಲ್ಲಿತ್ತು. ಅವುಗಳನ್ನು ಕೇಳಿ ಉತ್ತರ ತರಲು ಯಂತ್ರಕ್ಕೆ ಕೆಲವು ಟೂಲ್‌ಗಳನ್ನು ಕೊಟ್ಟಿದ್ದರು. ಪ್ರತಿ ಟೂಲ್‌ಗೂ ಒಂದು ವಿವರಣೆ ಬೇಕು: ಇದು ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಯಾವ ಖಾನೆಯಲ್ಲಿ ಏನು ತುಂಬಬೇಕು. ಕರೆ ಬಂದಾಗಲೆಲ್ಲ ಯಂತ್ರ ಆ ವಿವರಣೆ ಓದಿ ಟೂಲ್ ಆರಿಸುತ್ತಿತ್ತು. ವಿವರಣೆ ಬರೆಯುವುದು, ಹಳೆಯದನ್ನು ತಿದ್ದುವುದು ನನ್ನ ಪಾಲು.

ಡೆಸ್ಕಿನಲ್ಲಿ ಕೂತವರಿಗೆ ಇದು ಹೊಸದೇನಲ್ಲ. ಎಷ್ಟು ಜಾಗ ಇದೆಯೋ ಅಷ್ಟರಲ್ಲಿ ಹೇಳಬೇಕು, ಎರಡು ಅರ್ಥ ಬರಬಾರದು. ವ್ಯತ್ಯಾಸ ಇದ್ದುದು ಓದುಗರಲ್ಲಿ. ಪತ್ರಿಕೆಯಲ್ಲಿ ತಪ್ಪು ಬಂದರೆ ಬೆಳಿಗ್ಗೆ ಎಂಟಕ್ಕೆ ಯಾರಾದರೂ ಫೋನು ಮಾಡಿ ಬೈಯುತ್ತಿದ್ದರು. ಯಂತ್ರ ಬೈಯುವುದಿಲ್ಲ. ಬರೆದ ಪ್ರತಿ ಅಕ್ಷರವನ್ನೂ ನಂಬುತ್ತದೆ, ಬರೆಯದೆ ಬಿಟ್ಟದ್ದನ್ನು ಊಹಿಸಿಕೊಳ್ಳುತ್ತದೆ, ಊಹೆಯನ್ನು ಅದೇ ತಾಳ್ಮೆಯ ದನಿಯಲ್ಲಿ ಹೇಳುತ್ತದೆ.

ಮೊದಮೊದಲು ಕೆಲಸ ಖುಷಿಯಾಗಿಯೇ ಇತ್ತು. ಹಡಗಲಿ ಕಡೆಯ ಕರೆಗಳಿಗೆ ಗಾಡಿಗಳು ಅರ್ಧ ದಿನ ತಡವಾಗುತ್ತಿದ್ದವು. "ಹತ್ತಿರದ ವಾಹನವನ್ನು ಕೊಡುತ್ತದೆ" ಎಂದು ಒಂದು ಟೂಲ್‌ನ ವಿವರಣೆಯಲ್ಲಿತ್ತು. ಹತ್ತಿರ ಎಂದರೆ ನಕ್ಷೆಯ ಮೇಲೆ ನೇರ ಗೆರೆ. ತುಂಗಭದ್ರೆಯ ಆಚೆ ದಡದಲ್ಲಿ ನಿಂತ ಗಾಡಿ ಈಚೆ ದಡದ ಊರಿಗೆ ಕೂಗಳತೆಯಲ್ಲಿದೆ, ಬರಲು ಮಾತ್ರ ಸೇತುವೆ ಸುತ್ತಿ ಬರಬೇಕು. "ಈ ಟೂಲ್ ನದಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ನದಿ ದಂಡೆಯ ಊರುಗಳಿಗೆ ರಸ್ತೆ ದೂರ ಕೊಡುವ ಟೂಲ್ ಬಳಸಿ" ಎಂದು ಸೇರಿಸಿದೆ, ಸರಿಹೋಯಿತು. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯವರ ಕರೆಗಳು ಹಾಸನದ ಅರಸೀಕೆರೆಯ ಕಡೆಗೆ ಹೋಗುತ್ತಿದ್ದವು. ತಾಲ್ಲೂಕು ಕೇಳದೆ ಮುಂದುವರಿಯಬಾರದು ಎಂದು ಬರೆದೆ, ಅದೂ ಸರಿಹೋಯಿತು. ಒಂದು ವಾಕ್ಯ ತಿದ್ದಿದರೆ ಎಮ್ಮೆಯೊಂದಕ್ಕೆ ಬೇಗ ಡಾಕ್ಟರು ಸಿಗುತ್ತಾರೆ ಎನ್ನುವುದು ನನಗೆ ಹಿಡಿಸಿತ್ತು. ಪತ್ರಿಕೆಯಲ್ಲಿ ಇಷ್ಟು ಕಣ್ಣಿಗೆ ಕಾಣುವ ಫಲ ಕಂಡಿರಲಿಲ್ಲ.

ಕೂತಲ್ಲೇ ಬರೆಯುವುದು ನನಗೆ ಸರಿಬರದು. ಹಾಗಾಗಿ ಕೂಡ್ಲಿಗಿಯ ಗಾಡಿಯಲ್ಲಿ ಆಗಾಗ ಹೋಗುತ್ತಿದ್ದೆ. ಅದರ ಚಾಲಕ ಕೊಟ್ರೇಶ, ನಲವತ್ತು ದಾಟಿದ ಮನುಷ್ಯ, ಯಂತ್ರವನ್ನು 'ನಿಮ್ಮ ಹುಡುಗಿ' ಎನ್ನುತ್ತಿದ್ದ.

"ನಿಮ್ಮ ಹುಡುಗಿ ಭಾಳ ನಯಾ ಮಾತಾಡ್ತಾಳ ಬಿಡ್ರಿ ಮೇಡಮ್. ನಮ್ಮ ಮನ್ಯಾಕಿ ಹಂಗ ಮಾತಾಡಿದ್ರ ನಾ ಡ್ಯೂಟಿಗೇ ಬರ್ತಿದ್ದಿಲ್ಲ."

"ದಾರಿ ಸರಿ ಹೇಳ್ತಾಳಾ?"

"ದಾರಿ ಹೇಳಾಕ ನಾನದೀನಲ್ರಿ. ಆಕಿ ಊರು ಹೇಳಿದ್ರ ಸಾಕು. ಅಂದಂಗ ನಿಮ್ದು ಯಾವೂರ್ರಿ?"

"ಹಗರಿಬೊಮ್ಮನಹಳ್ಳಿ" ಎಂದೆ.

ಆ ವರ್ಷ ಮಳೆ ಒಂದೇ ಸಮನೆ ಹಿಡಿಯಿತು. ನಮ್ಮದು ಮಳೆ ಬಂದರೆ ಹಬ್ಬದಂತೆ ಮಾತಾಡುವ ಸೀಮೆ. ಆ ಸಲ ಯಾರೂ ಹಾಗೆ ಮಾತಾಡಲಿಲ್ಲ. ಕೆಂಪು ನೆಲ ಕೊಚ್ಚೆಯಾಯಿತು, ಶೇಂಗಾ ಬಿತ್ತಿದವರ ಹೊಲದಲ್ಲಿ ನೀರು ನಿಂತಿತು. ಹಗಲಿಡೀ ಮೋಡ, ಸಂಜೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಗಾಡಿ ನೊಣ. ಆ ನೊಣ ಕಚ್ಚಿ ಹರಡುವ ರೋಗವೊಂದಿದೆ, ನೀಲಿ ನಾಲಿಗೆ ಎನ್ನುತ್ತಾರೆ. ಕುರಿಯ ಮೂತಿ ಬಾತುಕೊಳ್ಳುತ್ತದೆ, ಬಾಯೊಳಗೆ ಹುಣ್ಣಾಗುತ್ತದೆ, ಗೊರಸಿನ ಮೇಲೆ ಉರಿ ಎದ್ದು ಕುಂಟುತ್ತದೆ. ಮೇವು ಬಿಟ್ಟ ಕುರಿ ಬಹಳ ದಿನ ತಡೆಯುವುದಿಲ್ಲ. ಹೇಳಿಕೊಳ್ಳುವಂಥ ಔಷಧಿ ಇಲ್ಲ. ಆದರೆ ಮೊದಲ ಕುರಿಗೆ ಬಂದಾಗಲೇ ಡಾಕ್ಟರು ಬಂದರೆ ಅದನ್ನು ಬೇರೆ ಮಾಡಿ, ಬಾಯಿ ತೊಳೆದು, ಹೊಗೆ ಹಾಕಿಸಿ, ಮಂದೆಯ ಬಹುಪಾಲನ್ನು ಉಳಿಸಿಕೊಳ್ಳಬಹುದು. ತಡವಾದರೆ ಆಗುವುದಿಲ್ಲ.

ಮುಕ್ತಾಯವಾದ ದೂರುಗಳ ಧ್ವನಿಮುದ್ರಣ ಕೇಳುವುದು ನನ್ನ ದಿನದ ಮೊದಲ ಕೆಲಸ. ಒಂದು ಬೆಳಿಗ್ಗೆ ಹನುಮಕ್ಕ ಎಂಬುವರ ಕರೆ ಕೇಳಿದೆ.

"ನಮಸ್ಕಾರ, ಪಶು ಸಹಾಯವಾಣಿ. ನಿಮ್ಮ ಊರು ಯಾವುದು?"

"ಚಿಗಟೇರ್ಯಾರು ನಾವು. ಹನುಮಕ್ಕ ಅಂತ. ಎಲ್ಡು ಕುರಿ ಮೂತಿ ಬಾತಾವ ನೋಡವ್ವ. ಜೊಲ್ಲು ಸುರಸ್ತಾವ, ಮೇವು ಮುಟ್ಟವಲ್ವು."

"ಚಿಗಟೇರಿ, ಹರಪನಹಳ್ಳಿ ತಾಲ್ಲೂಕು. ಸರಿಯೇ?"

"ಹೂಂ, ಅದ."

"ವಾಹನ ಇಂದು ಸಂಜೆಯೊಳಗೆ ಬರುತ್ತದೆ."

"ಪುಣ್ಯ ಬರ್ಲಿ ನಿನಗ. ಜಲ್ದಿ ಕಳಸು."

ಓದಿದರೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಕೇಳಿದರೆ ಕಾಣುತ್ತಿತ್ತು. ಹನುಮಕ್ಕನ ಮಾತಿನ ಹಿಂದೆ ಲಾರಿಗಳು ಒಂದರ ಬೆನ್ನಿಗೆ ಒಂದು ಹಾರ್ನ್ ಹಾಕುತ್ತ ಹೋಗುತ್ತಿದ್ದವು. ಚಿಗಟೇರಿಯಲ್ಲಿ ಹೆದ್ದಾರಿ ಇಲ್ಲ. ಹರಪನಹಳ್ಳಿಯ ಗಾಡಿ ಅಂದು ಸಂಜೆ ಚಿಗಟೇರಿಗೆ ಹೋಗಿ, ಬೀಗ ಹಾಕಿದ ಮನೆ ನೋಡಿ, ಜಾನುವಾರು ಲಭ್ಯವಿಲ್ಲ ಎಂದು ದಾಖಲಿಸಿ ಮರಳಿತ್ತು.

ಅದರ ಮರುದಿನದ ಎರಡನೆಯ ಕರೆಯೂ ಇತ್ತು. ಈ ಸಲ ಯಂತ್ರ ಊರು ಕೇಳಲಿಲ್ಲ. ನಂಬರು ಗುರುತು ಹಿಡಿದು, "ನಿಮ್ಮ ಹೆಸರಿನಲ್ಲಿ ಚಿಗಟೇರಿಯ ದೂರು ಇದೆ. ವಾಹನ ಸ್ಥಳಕ್ಕೆ ಭೇಟಿ ನೀಡಿದೆ. ದೂರು ಮುಕ್ತಾಯವಾಗಿದೆ" ಎಂದಿತು.

"ಯಾರೂ ಬಂದಿಲ್ಲವ್ವ. ದಾರಿ ನೋಡಿ ನೋಡಿ ಸಾಕಾತು."

ಯಂತ್ರ ಅದೇ ಮಾತನ್ನು ಮತ್ತೆ ಹೇಳಿತು. ಹಾಗೆ ಹೇಳಲು ಅದಕ್ಕೆ ಕಾರಣವಿತ್ತು. ದೂರಿನ ಸ್ಥಿತಿ ನೋಡುವ ಟೂಲ್‌ನ ವಿವರಣೆಯಲ್ಲಿ, ಒಮ್ಮೆ ದಾಖಲಾದ ನಂಬರಿನಿಂದ ತಿಂಗಳೊಳಗೆ ಮರಳಿ ಹೊಸ ದೂರು ತೆಗೆದುಕೊಳ್ಳಬಾರದು ಎಂದಿತ್ತು. ನಾನು ಸೇರುವ ಮೊದಲು ಒಂದೇ ಎಮ್ಮೆಗೆ ಎರಡು ಗಾಡಿ ಹೋಗಿ ರಂಪವಾಗಿತ್ತಂತೆ, ಆಗ ಬರೆದದ್ದು.

ಹನುಮಕ್ಕನ ನಂಬರಿಗೆ ನಾನೇ ಫೋನು ಮಾಡಿದೆ.

"ಕುರಿ ಎಲ್ಲಿ ಅದಾವಕ್ಕ ಈಗ?"

"ಕಾನಹೊಸಳ್ಳಿ ಮಗ್ಗಲಕ ಅದಾವ್ರಿ. ರೋಡಿನ ದಂಡಿಗೆ."

"ಮತ್ತ ಫೋನಿನ್ಯಾಗ ಚಿಗಟೇರಿ ಅಂದ್ರಲ್ಲ?"

"ಆಕಿ ಊರು ಕೇಳಿದ್ಲು, ಊರು ಹೇಳಿದೆ. ಕುರಿ ಎಲ್ಲಿ ಅಂತ ಕೇಳ್ಳೇ ಇಲ್ಲಲ್ಲ ಆಕಿ."

ಕೊಟ್ರೇಶ ಯಾವೂರು ಎಂದು ಕೇಳಿದಾಗ ನಾನೂ ಹಗರಿಬೊಮ್ಮನಹಳ್ಳಿ ಎಂದಿದ್ದೆ. ಅಪ್ಪ ಲೈನ್‌ಮನ್ ಆಗಿ ನಿವೃತ್ತರಾದ ಊರು, ಪಡಸಾಲೆಯಲ್ಲಿ ಬುದ್ಧನ ಪಟ ಇರುವ ನಮ್ಮ ಮನೆಯ ಊರು. ನಾನು ಅಲ್ಲಿ ಇರುವುದು ಬಿಟ್ಟು ಎಷ್ಟೋ ವರ್ಷವಾಗಿದೆ. ಊರು ಯಾವುದೆಂದು ಕೇಳಿದರೆ ನಮ್ಮಲ್ಲಿ ಯಾರೂ ನಿಂತ ಜಾಗ ಹೇಳುವುದಿಲ್ಲ. ಆದರೆ ಗಾಡಿ ಕಳುಹಿಸುವ ಟೂಲ್‌ನ ಖಾನೆಯ ಮುಂದೆ ಹಿಂದಿನವರು ಬರೆದಿದ್ದುದು ಒಂದೇ ಸಾಲು: "ಊರು: ಕರೆ ಮಾಡಿದವರ ಊರಿನ ಹೆಸರು." ಹಟ್ಟಿಯಲ್ಲಿ ಎಮ್ಮೆ ಕಟ್ಟಿದವರಿಗೆ ಅದು ಸರಿ. ವರ್ಷವಿಡೀ ಬಂದ ಕರೆಗಳೆಲ್ಲ ಅಂಥವೇ ಆದ್ದರಿಂದ ಯಾರಿಗೂ ಸಂಶಯ ಬಂದಿರಲಿಲ್ಲ.

ಹೊಸ ವಿವರಣೆ ಬರೆಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ಈ ಟೂಲ್ ರೋಗದ ಜಾನುವಾರು ಈಗ ನಿಂತಿರುವ ಜಾಗಕ್ಕೆ ವಾಹನ ಕಳುಹಿಸುತ್ತದೆ. ಮಾಲೀಕರ ಮನೆಯ ಊರನ್ನು ಇಲ್ಲಿ ತುಂಬಬಾರದು. ಕುರಿ ಮೇಕೆಗಳಿದ್ದರೆ, ಅವು ಈಗ ಎಲ್ಲಿ ನಿಂತಿವೆ ಎಂದು ಕೇಳಬೇಕು. ಜಾಗದ ಹೆಸರು ಸ್ಪಷ್ಟವಾಗುವವರೆಗೆ ಮತ್ತೆ ಕೇಳಬೇಕು." ಬೆಂಗಳೂರಿನ ಕಚೇರಿಗೆ ಕಳುಹಿಸಿ, ಅಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದ ನಿಖಿಲ್‌ಗೆ ಫೋನು ಮಾಡಿದೆ. ನಿಖಿಲ್ ಕೆಟ್ಟವನಲ್ಲ. ಪೂರ್ತಿ ಕೇಳಿಸಿಕೊಂಡ.

"ನೀವು ಹೇಳೋದು ಸರಿ ಇದೆ. ಆದರೆ ಈಗ ಏನನ್ನೂ ಬದಲಾಯಿಸೋ ಹಾಗಿಲ್ಲ. ಒಂದು ವಿವರಣೆ ಬದಲಾದರೆ ಎಲ್ಲಾ ಪರೀಕ್ಷೆನೂ ಮತ್ತೆ ನಡೆಸಬೇಕು. ಯಂತ್ರದ ಮುಂದಿನ ಆವೃತ್ತಿಯ ಬಿಡುಗಡೆಗೆ ಹಾಕ್ತೀನಿ."

"ಮುಂದಿನ ಬಿಡುಗಡೆ ಯಾವಾಗ?"

"ಮಳೆಗಾಲ ಮುಗಿದ ಮೇಲೆ. ಕರೆ ಕಮ್ಮಿ ಇರತ್ತೆ ಆಗ."

"ಕುರಿ ಮಳೆಗಾಲದಲ್ಲಿ ಸಾಯುತ್ತವೆ ನಿಖಿಲ್."

"ಗೊತ್ತು. ಹಿಂದೆ ಒಂದು ಸಲ ಅವಸರ ಮಾಡಿ ಒಂದು ವಾಕ್ಯ ಸೇರಿಸಿದ್ವಿ. ಎರಡು ಪ್ರಶ್ನೆ ಕೇಳೋಕೆ ಶುರು ಮಾಡ್ತು, ಅರ್ಧ ಜನ ಫೋನ್ ಇಟ್ರು. ಅವರ ಹಸುಗಳಿಗೆ ಯಾರು ಜವಾಬು ಹೇಳ್ಬೇಕು?"

ಆ ಕಡೆಯ ಹಸುಗಳೂ ಹಸುಗಳೇ.

ಕೊಟ್ರೇಶನಿಗೆ ಫೋನು ಮಾಡಿದೆ. ಅವನ ಗಾಡಿ ನಿಲ್ಲುವ ಕೂಡ್ಲಿಗಿಯಿಂದ ಕಾನಹೊಸಹಳ್ಳಿಗೆ ಒಂದೇ ರಸ್ತೆ.

"ಬರಂಗಿಲ್ಲ ಮೇಡಮ್. ದೂರಿನ ಟಿಕೆಟ್ ಇಲ್ದ ಗಾಡಿ ಚಾಲೂ ಆದ್ರ ಆಫೀಸಿನ್ಯಾಗ ಗಂಟಿ ಹೊಡಿತೈತಿ. ಡಾಕ್ಟರ್ ಔಷಧಿ ಪೆಟಗಿ ತಗಿಯಾಕೂ ಅದರ ನಂಬರ್ ಬೇಕು. ಹ್ಯಾಂಗಾರ ಮಾಡಿ ಒಂದು ಟಿಕೆಟ್ ಹಾಕಸ್ರಿ, ಅನ್ನ ಬಿಟ್ಟು ಬರ್ತೀನಿ."

ನಾನು ಟಿಕೆಟ್ ಹಾಕುವಂತಿರಲಿಲ್ಲ. ಸಿಬ್ಬಂದಿಯ ನಂಬರಿನಿಂದ ಬಂದ ಕರೆಗಳೆಲ್ಲ ಪರೀಕ್ಷೆಯ ಕರೆ ಎಂದು ದಾಖಲಾಗುತ್ತಿದ್ದವು, ಗಾಡಿಗೆ ಹೋಗುತ್ತಲೇ ಇರಲಿಲ್ಲ. ಪರಿಚಯದವರಿಂದ ಹಾಕಿಸಿದರೆ ಅದು ಸುಳ್ಳು ದೂರಾಗುತ್ತಿತ್ತು. ಉಳಿದದ್ದು ಒಂದೇ ದಾರಿ. ಹನುಮಕ್ಕನೇ ಬೇರೆ ಯಾರದಾದರೂ ಫೋನಿನಿಂದ ಕರೆ ಮಾಡಿ, ಊರು ಯಾವುದೆಂದು ಕೇಳಿದಾಗ ಕಾನಹೊಸಹಳ್ಳಿ ಎನ್ನಬೇಕು. ಇದನ್ನು ಫೋನಿನಲ್ಲಿ ಹೇಳಿದೆ. ಆಕೆ "ನೀವ ಬಂದು ನೋಡ್ರಿ" ಎಂದು ಇಟ್ಟುಬಿಟ್ಟಳು. ಕೊಟ್ಟೂರಿನಿಂದ ಬಸ್ಸು ಹಿಡಿದೆ.

ಮಂದೆ ಹೆದ್ದಾರಿಯಿಂದ ಕಾಣುತ್ತಿತ್ತು. ಬಲೆಯೊಳಗೆ ಕುರಿಗಳು ಒಂದಕ್ಕೊಂದು ಒತ್ತಿ ನಿಂತಿದ್ದವು. ಮೇಲೆ ಹನಿ. ಮೂಲೆಯಲ್ಲಿ ಬೇರೆ ಬಲೆ ಕಟ್ಟಿ ಹನ್ನೆರಡೋ ಹದಿನೈದೋ ಕುರಿ ಹಾಕಿದ್ದರು. ಅವುಗಳ ಮೂತಿ ಸೋರೆಬುರುಡೆಯಂತೆ ಊದಿತ್ತು. ಒಂದರ ನಾಲಿಗೆ ಹೊರಗೆ ಜೋತಿತ್ತು, ನೇರಳೆ ಹಣ್ಣು ತಿಂದಂತೆ ಕಪ್ಪಿಟ್ಟಿತ್ತು. ಹನುಮಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಲ್ಲಿ ಅಂಬಲಿ ಕುಡಿಸುತ್ತಿದ್ದಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಗಂಡ ಭೀಮಪ್ಪ ಹಸಿ ಕಟ್ಟಿಗೆಗೆ ಬೆಂಕಿ ಹತ್ತಿಸಿ ಹೊಗೆ ಮಾಡಲು ನೋಡುತ್ತಿದ್ದ. ಆ ಮಂದೆ ಬಿಟ್ಟು ಅವರಿಗೆ ಬೇರೆ ಬದುಕು ಇರಲಿಲ್ಲ.

"ಫೋನಿನ ಹುಡುಗಿ ನೀವಾ?" ಎಂದಳು ಹನುಮಕ್ಕ.

"ಅಲ್ಲ. ಆಕಿಗೆ ಹೇಳಿಕೊಡಾಕಿ."

"ಛಲೋ ಹೇಳಿಕೊಟ್ಟೀರಿ ಬಿಡ್ರಿ."

ಭೀಮಪ್ಪ ಹೊಗೆಯ ಆಚೆಯಿಂದ, "ಬಂದಾರ ಪಾಪ, ಕುಂದ್ರಾಕ ಹೇಳು" ಎಂದ. ಕಂಬಳಿ ಹಾಸಿದರು. ಊರಿನ ಹೆಸರು ಬದಲಿಸಿ ಹೇಳಲು ಏನು ಅಡ್ಡಿ ಎಂದು ಕೇಳಿದೆ.

"ನೋಡ್ರಿ ಅಕ್ಕಾರ" ಎಂದಳು ಹನುಮಕ್ಕ, ಕುರಿಯ ಬಾಯಿಂದ ಕಣ್ಣು ತೆಗೆಯದೆ. "ಹೊಲದವರು ನಮ್ಮನ್ನ ತರುಬಿಸಿಕೊಳ್ಳಾ ಮೊದ್ಲು ಕೇಳಾದು ಒಂದ, ಯಾವೂರ ಕುರಿ ಅಂತ. ಆ ಊರ ಹೆಸರಿನ ಮ್ಯಾಲ ಹೊಲ ಕೊಡ್ತಾರ. ಯಾವ ಊರಾಗ ಬ್ಯಾನಿ ಬಂದೈತಿ, ಯಾವ ಊರಾಗಿಲ್ಲ, ಎಲ್ಲಾ ಅವರಿಗೆ ಗೊತ್ತಿರತೈತಿ. ಊರು ಸುಳ್ಳು ಹೇಳಿದಾವರಿಗೆ ಮತ್ತ ಯಾರೂ ಹೊಲ ಕೊಡಂಗಿಲ್ಲ. ನಮ್ಮತ್ತಿ ಕಾಲದಿಂದ ಚಿಗಟೇರ್ಯಾರು ಅಂತ ಹೇಳಿಕೆಂತ ಬಂದೀವಿ."

"ಯಂತ್ರಕ್ಕ ಹೇಳಿದ್ರ ಹೊಲದವರಿಗೆ ಹೆಂಗ ಗೊತ್ತಾಗತೈತಿ?"

"ಎಲ್ಡಕ್ಕ ಇದ್ದಾಗ ಬಂದು ಹೋಗಿದ್ರ ಯಾರೂ ಕೇಳ್ತಿದ್ದಿಲ್ಲ. ಈಗ ಗಾಡಿ ಬಂದು ಹೊಲದಾಗ ನಿಂತ್ರ ಗೊತ್ತಾಗಂಗಿಲ್ಲೇನು? ಕಾನಹೊಸಳ್ಳ್ಯಾಗ ಬ್ಯಾನಿ ಅಂತ ಬರಸಿದ್ರು ಅಂತ ಊರ ಮಂದಿ ನಮ್ಮನ್ನ ಎಬ್ಬಸ್ತಾರ. ಅವರ ಕುರಿನೂ ಅದಾವಲ್ರಿ."

ನಾನು ಬರೆದಿಟ್ಟ ಹೊಸ ವಾಕ್ಯ ಜಾರಿಯಾಗಿದ್ದರೂ ಆಕೆ ಬಾಯಿ ಬಿಡುತ್ತಿದ್ದಳೋ ಇಲ್ಲವೋ ಎಂದು ಆಗ ಅನಿಸಿತು. ಹಾಗೆಂದು ಸುಮ್ಮನೆ ಕೂರುವಂತೆಯೂ ಇರಲಿಲ್ಲ. ಆಕೆಯ ಫೋನಿನಿಂದಲೇ ಇನ್ನೊಮ್ಮೆ ಪ್ರಯತ್ನಿಸಿದೆ. ಸ್ಪೀಕರ್ ಹಾಕಿ ನಾನೇ ಮಾತಾಡಿದೆ. ಯಂತ್ರ ಯಾವ ಮಾತಿಗೆ ಯಾವ ಟೂಲ್ ಎತ್ತಿಕೊಳ್ಳುತ್ತದೆ ಎಂದು ನನ್ನಷ್ಟು ಬಲ್ಲವರು ಆ ಐದು ತಾಲ್ಲೂಕಿನಲ್ಲಿ ಇರಲಿಲ್ಲ. ಹೊಸ ರೋಗ ಎಂದೆ, ಹೊಸ ಜಾಗ ಎಂದೆ, ದೂರು ಬೇರೆ ಎಂದೆ. ಯಂತ್ರ ಪ್ರತಿ ಸಲ ಕ್ಷಮೆ ಕೇಳಿ, ಚಿಗಟೇರಿಗೆ ವಾಹನ ಭೇಟಿ ನೀಡಿದ ವಿಷಯವನ್ನೇ ತಿಳಿಸಿತು. ಅದು ಓದುತ್ತಿದ್ದ ವಿವರಣೆಯ ಯಾವ ಸಾಲಿನಲ್ಲಿ ಸಿಕ್ಕಿಬಿದ್ದಿದೆ ಎಂದು ನನಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ಗೊತ್ತಿದ್ದೂ ಪ್ರಯೋಜನವಿರಲಿಲ್ಲ.

ಅಷ್ಟರಲ್ಲಿ ಹೊಲದ ಯಜಮಾನ ವೀರಭದ್ರಪ್ಪ ಕೊಡೆ ಹಿಡಿದು ಬದುವಿನ ಮೇಲೆ ಬಂದರು. ಕಾನಹೊಸಹಳ್ಳಿಯಲ್ಲಿ ಗೊಬ್ಬರದ ಅಂಗಡಿ, ಹಣೆಯಲ್ಲಿ ವಿಭೂತಿ. ದೂರದಿಂದಲೇ, "ಏನವ್ವ ಹನುಮಕ್ಕ, ಹೊಗಿ ಯಾಕ ಹಾಕೀರಿ ಹಗಲೊತ್ತಿನ್ಯಾಗ?" ಎಂದರು.

ಹನುಮಕ್ಕ ನನ್ನ ಮುಖ ನೋಡಿದಳು. ಗಂಡನ ಮುಖ ನೋಡಿದಳು. ತೊಡೆಯ ಮೇಲಿನ ಕುರಿಯ ತಲೆಯನ್ನು ಕಂಬಳಿಯ ಮೇಲಿಳಿಸಿ ಎದ್ದು ನಿಂತಳು.

"ಯಜಮಾನ್ರ, ಕುರಿಗೆ ಬ್ಯಾನಿ ಬಂದೈತಿ. ನಿಮ್ಮ ಫೋನ್ ಕೊಡ್ರಿ."

ವೀರಭದ್ರಪ್ಪ ಬಲೆಯ ಹತ್ತಿರ ಹೋಗಿ ಬಗ್ಗಿ ನೋಡಿದರು. ಜೇಬಿನಿಂದ ಫೋನು ತೆಗೆದು, ತಾವೇ ಸಹಾಯವಾಣಿಗೆ ಕರೆ ಹಚ್ಚಿದರು. ಊರು ಯಾವುದು ಎಂದಿತು ಯಂತ್ರ. "ಕಾನಹೊಸಹಳ್ಳಿ" ಎಂದರು, ಅದು ಅವರ ಊರೇ. ಟಿಕೆಟ್ ಒಂದು ನಿಮಿಷದಲ್ಲಿ ಬಂತು. ಕೂಡ್ಲಿಗಿ ಗಾಡಿ, ನಾಳೆ.

ಫೋನು ಜೇಬಿಗಿಟ್ಟು ಅವರು, "ಡಾಕ್ಟರ್ ನೋಡ್ಲಿ. ನೋಡಿ ಹೋದಮ್ಯಾಲ ಹೊಲ ಬಿಡ್ರವ್ವ. ಬ್ಯಾಸರ ಮಾಡಿಕ್ಯಬ್ಯಾಡ್ರಿ. ನನ್ನ ತಮ್ಮನ ಕುರಿ ಆ ಬದುವಿನಾಚಿಗೆ ಅದಾವ" ಎಂದರು.

"ನಮ್ಮವು ನಡಿಯಂಗಿಲ್ರಿ, ಕಾಲು ಬಾತಾವ" ಎಂದ ಭೀಮಪ್ಪ. ನಾನಿದ್ದಷ್ಟು ಹೊತ್ತಿನಲ್ಲಿ ಅವನು ಆಡಿದ ಎರಡನೆಯ ಮಾತು.

"ಏನ್ ಮಾಡ್ಲೋ ಭೀಮಪ್ಪ, ನೀನ ಹೇಳು" ಎಂದರು ವೀರಭದ್ರಪ್ಪ. ಉತ್ತರಕ್ಕೆ ಕಾಯದೆ ಬದುವಿನ ಮೇಲೆ ಮರಳಿ ಹೋದರು.

ಮರುದಿನ ನಾನು ಮತ್ತೆ ಬಂದೆ. ಮಧ್ಯಾಹ್ನ ಗಾಡಿ ಬಂತು. ರಾತ್ರಿಯ ಮಳೆಗೆ ಮೂಲೆಯ ಬಲೆಯಲ್ಲಿದ್ದ ಕುರಿಗಳಲ್ಲಿ ಕೆಲವು ಸತ್ತಿದ್ದವು. ಆ ಬಲೆಗೆ ಬೆಳಿಗ್ಗೆ ಬಂದು ಸೇರಿದವು ಅದಕ್ಕಿಂತ ಹೆಚ್ಚು. ಡಾಕ್ಟರ್ ಎಳೆಯ ವಯಸ್ಸಿನ ಹೆಣ್ಣುಮಗಳು, ಬಂದವಳೇ ಚಪ್ಪಲಿ ಬಿಟ್ಟು ಕೆಸರಿಗಿಳಿದಳು. ಬಾಯಿ ತೊಳೆದಳು, ಗ್ಲಿಸರಿನ್ ಹಚ್ಚಿದಳು, ಸೂಜಿ ಹಾಕಿದಳು. ಕೊಟ್ರೇಶ ಪ್ರತಿ ಕುರಿಯನ್ನೂ ಹಿಡಿದುಕೊಟ್ಟ. ಅಂದು ಅವನು ತಮಾಷೆ ಮಾಡಲಿಲ್ಲ. ಕೈ ತೊಳೆಯುವಾಗ ಡಾಕ್ಟರ್ ನನಗೆ ಇಷ್ಟು ಹೇಳಿದಳು: "ಎರಡು ಕುರಿಗೆ ಇದ್ದಾಗ ಕರೆಸಿದ್ದರೆ ಏನಾದರೂ ಮಾಡಬಹುದಿತ್ತು. ಈಗ ಮಂದೆಯೊಳಗೆ ಹೊಕ್ಕಿದೆ. ನಡೆಸಬಾರದು, ನೆರಳಿನಲ್ಲಿ ನಿಲ್ಲಿಸಬೇಕು, ಗಂಜಿ ಕುಡಿಸಬೇಕು." ಎರಡು ಕುರಿಗೆ ಇದ್ದಾಗಲೇ ಕರೆದಿದ್ದರು ಎಂದು ನಾನು ಹೇಳಲಿಲ್ಲ. ಅದು ಆಕೆಯ ತಪ್ಪಾಗಿರಲಿಲ್ಲ.

ಹೊಲ ಬಿಡಿಸಬೇಡಿ ಎಂದು ಡಾಕ್ಟರ್ ವೀರಭದ್ರಪ್ಪನವರ ಅಂಗಡಿಗೆ ಹೋಗಿ ಕೇಳಿದಳು. ನಾನೂ ಜೊತೆಗಿದ್ದೆ. ಅವರು ಚಹಾ ತರಿಸಿಕೊಟ್ಟರು. "ನಿಮ್ಮ ಮಾತು ಖರೆ ಐತ್ರಿ. ನನ್ನ ತಮ್ಮಗ ನೀವ ಹೇಳ್ರಿ" ಎಂದರು. ಆ ತಮ್ಮ ಬದುವಿನ ಆಚೆ ತನ್ನ ಕುರಿಗಳ ನಡುವೆ ನಿಂತಿದ್ದ. ಈಕೆ ಬಾಯಿ ತೆರೆಯುವ ಮೊದಲೇ, "ಇವಕ್ಕ ಹತ್ತಿದ್ರ ನಿಮ್ಮ ಗಾಡಿ ನನಗಾರ ಜಲ್ದಿ ಬರತೈತೇನ್ರಿ ಮೇಡಮ್?" ಎಂದ. ಡಾಕ್ಟರ್ ನನ್ನ ಕಡೆ ತಿರುಗಿದಳು. ಬರುತ್ತದೆ ಎಂದು ಹೇಳುವಷ್ಟು ನನಗೂ ಧೈರ್ಯವಿರಲಿಲ್ಲ.

ಸಂಜೆ ಮಂದೆ ಎದ್ದಿತು. ಬಲೆ ಸುತ್ತಿ ಕತ್ತೆಯ ಮೇಲೆ ಹೇರಿದರು. ನಡೆಯಲಾಗದವನ್ನು ಭೀಮಪ್ಪ ಒಂದೊಂದಾಗಿ ಹೆಗಲ ಮೇಲೆ ಹೊತ್ತು ಸ್ವಲ್ಪ ದೂರ ಇಳಿಸಿ, ಮತ್ತೆ ಹಿಂದೆ ಬಂದು ಇನ್ನೊಂದನ್ನು ಹೊತ್ತ. ಹೆದ್ದಾರಿಯ ಅಂಚಿನಲ್ಲಿ ಹಾಗೆ ಸಾಗಿದರು. ಕೊಟ್ರೇಶ ತನ್ನ ಗಾಡಿಯಲ್ಲಿ ಹಾಕಿಕೊಳ್ಳಲೇ ಎಂದು ಡಾಕ್ಟರನ್ನು ಕೇಳಿದ. ರೋಗದ ಕುರಿ ಗಾಡಿಗೆ ಹತ್ತಿಸುವಂತಿರಲಿಲ್ಲ, ಅದೇ ಗಾಡಿ ಮರುದಿನ ಬೇರೆ ಮಂದೆಗೆ ಹೋಗಬೇಕು. ಆಗದು ಎಂದು ಗೊತ್ತಿದ್ದೇ ಕೇಳಿದ್ದ. ಮಳೆ ಶುರುವಾದ ಮೇಲೆ ನಾನು ಬಸ್ಸು ಹತ್ತಿದೆ.

ಆಮೇಲಿನದನ್ನು ನಾನು ಕಂಡಿಲ್ಲ, ಕೇಳಿದ್ದು. ಗುಡ್ಡದ ಬುಡದ ಗೋಮಾಳದಲ್ಲಿ ಒಂದಷ್ಟು ದಿನ ಇದ್ದರಂತೆ. ದಿನವೂ ಗುಂಡಿ ತೋಡುವ ಕೆಲಸವೇ ಆಯಿತಂತೆ. ಉಳಿದ ಕೆಲವನ್ನು ಹರಪನಹಳ್ಳಿ ಕಡೆಗೆ ಹೊಡೆದುಕೊಂಡು ಹೋದರು ಎಂದ ಕೊಟ್ರೇಶ. ದಾರಿಯಲ್ಲಿ ಕಂಡು ಮಾತಾಡಿಸಿದನಂತೆ. "ನಕ್ಕಳ್ರಿ ಹನುಮಕ್ಕ. ನಿನ್ನ ಗಾಡಿ ಈಗ ನನ್ನ ಹಿಂದ ಬರಾಕ ಹತ್ತೈತಲ್ಲೋ ಅಂದ್ಲು." ನಾನು ಎರಡು ಸಲ ಆಕೆಗೆ ಫೋನ್ ಹಚ್ಚಿದೆ. ರಿಂಗಾಗುವ ಮೊದಲೇ ಇಟ್ಟೆ.

ಮಳೆಗಾಲ ಮುಗಿಯಿತು. ನಿಖಿಲ್ ಮಾತು ಉಳಿಸಿಕೊಂಡ. ನನ್ನ ವಿವರಣೆ ಒಂದಕ್ಷರ ಬದಲಾಗದೆ ಜಾರಿಗೆ ಬಂತು. ಎರಡು ವಾರದ ಕರೆಗಳನ್ನು ಕೇಳಿದೆ. ಕುರಿಗಾರರು ಕರೆ ಮಾಡಿದರೆ ಯಂತ್ರ ಈಗ ಕುರಿ ಎಲ್ಲಿ ನಿಂತಿವೆ ಎಂದೇ ಕೇಳುತ್ತಿತ್ತು. ಗಾಡಿಗಳು ಸರಿಯಾದ ಹೊಲಕ್ಕೆ ಹೋಗುತ್ತಿದ್ದವು. ಬೆಂಗಳೂರಿನವರು ಮೆಚ್ಚುಗೆಯ ಒಂದು ಇಮೇಲ್ ಕಳುಹಿಸಿದರು. ಆ ವಿವರಣೆಯನ್ನು ಬೇರೆ ಜಿಲ್ಲೆಗಳಿಗೂ ಮಾದರಿಯಾಗಿ ಇಟ್ಟುಕೊಂಡರು.

ಅದೇ ಬಿಡುಗಡೆಯಲ್ಲಿ ಇನ್ನೊಂದು ಸೌಲಭ್ಯವನ್ನೂ ಸೇರಿಸಿದ್ದರು. ಮಳೆಗಾಲದಲ್ಲಿ ದೂರು ಕೊಟ್ಟವರಿಗೆಲ್ಲ ಯಂತ್ರವೇ ಕರೆ ಮಾಡಿ ಲಸಿಕೆಗೆ ದಿನ ಗೊತ್ತು ಮಾಡುವುದು. ಒಳ್ಳೆಯ ಯೋಚನೆಯೇ. ಆ ಕರೆಗೂ ಗಾಡಿ ಕಳುಹಿಸುವ ಅದೇ ಟೂಲ್, ಅದೇ ವಿವರಣೆ. ಆ ಕರೆಗಳ ಮುದ್ರಣಗಳಲ್ಲಿ ಹನುಮಕ್ಕನದು ಬಂತು.

"ನಮಸ್ಕಾರ ಹನುಮಕ್ಕ ಅವರೇ. ನಿಮ್ಮ ಕುರಿಗಳಿಗೆ ಲಸಿಕೆ ಹಾಕಲು ವಾಹನ ಬರಲಿದೆ. ನಿಮ್ಮ ಕುರಿಗಳು ಈಗ ಎಲ್ಲಿ ನಿಂತಿವೆ?"

"ಯಾರವ್ವ? ಓ, ನೀನಾ."

"ನಿಮ್ಮ ಕುರಿಗಳು ಈಗ ಎಲ್ಲಿ ನಿಂತಿವೆ, ದಯವಿಟ್ಟು ಜಾಗದ ಹೆಸರು ತಿಳಿಸಿ."

"ಕುರಿ ಇಲ್ಲವ್ವ ಈಗ. ನಾವು ಮಂದಿ ಹೊಲಕ್ಕ ಕೂಲಿ ಹೊಕ್ಕೀವಿ."

ಹಿಂದೆ ಲಾರಿಯ ಸದ್ದು ಇರಲಿಲ್ಲ. ಯಾರೋ ಹೆಂಗಸರು ಮೆಕ್ಕೆಜೋಳದ ತೆನೆ ಮುರಿಯುತ್ತ ಮಾತಾಡಿಕೊಳ್ಳುತ್ತಿದ್ದರು. ಕುರಿ ಇಲ್ಲದವರಿಗೆ ಏನು ಹೇಳಬೇಕೆಂದು ಆ ವಿವರಣೆಯಲ್ಲಿ ಎಲ್ಲಿಯೂ ಇಲ್ಲ. ಜಾಗ ಸ್ಪಷ್ಟವಾಗುವವರೆಗೆ ಮತ್ತೆ ಕೇಳಬೇಕು ಎಂದು ಇದೆ.

"ಕ್ಷಮಿಸಿ, ಜಾಗ ಸ್ಪಷ್ಟವಾಗಲಿಲ್ಲ. ನಿಮ್ಮ ಕುರಿಗಳು ಈಗ ಎಲ್ಲಿ ನಿಂತಿವೆ?"

ಆ ಕಡೆ ತೆನೆ ಮುರಿಯುವ ಸದ್ದು ನಿಂತಿತು. ಹನುಮಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿರುವವರನ್ನು ಕೇಳುವಂತೆ ಕೇಳಿದಳು:

"ನೀನ ಹೇಳ ತಂಗಿ. ಎಲ್ಲಿ ಅದಾವು ಅವು?"